ಬಾವಲಿಗಳು: ಸಾರ್ವಜನಿಕರು ಕೇಳುವ ಪ್ರಶ್ನೆಗಳು ಹಾಗೂ ರೂಢಿಯಲ್ಲಿರುವ ತಪ್ಪು ತಿಳುವಳಿಕೆಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ನಾಗರಿಕರ ಮಾಹಿತಿಗಾಗಿ

ಕಲಬುರಗಿ ಜಿಲ್ಲೆಯ ಈ ಭಾಗದ ಊರುಗಳಲ್ಲಿ ಹುಣಸೆ, ಆಲ, ಅರಳಿ ಮುಂತಾದ ಹಳೆಯ ಮರಗಳಲ್ಲಿ ಹಗಲು ಹೊತ್ತು ತಲೆಕೆಳಗಾಗಿ ತೂಗುವ ಬಾವಲಿಗಳು ಹೊಸ ನೋಟವಲ್ಲ. ತಲೆಮಾರುಗಳಿಂದ ಜನರು ಅವುಗಳ ಜೊತೆಯಲ್ಲೇ ಬದುಕಿದ್ದಾರೆ. ಆದರೆ 2018ರಲ್ಲಿ ಕೇರಳದಲ್ಲಿ ನಿಪಾ ಜ್ವರ ಕಾಣಿಸಿಕೊಂಡ ಬಳಿಕ, ಅದರ ಹಿಂದೆಯೇ 2020ರಲ್ಲಿ ಕೊರೊನಾ ಬಂದ ಬಳಿಕ, ಬಾವಲಿಗಳ ಬಗೆಗಿನ ಹಳೆಯ ಅಂಜಿಕೆಗೆ ಹೊಸ ಕಾರಣಗಳು ಸೇರಿಕೊಂಡಿವೆ. ಬಾವಲಿಗಳಿರುವ ಮರವನ್ನು ಕಡಿಸಿಕೊಡಬೇಕು, ಹೊಗೆ ಹಾಕಿ ಓಡಿಸಬೇಕು ಎಂಬ ಬೇಡಿಕೆಗಳ ಹಿಂದೆ ಇರುವುದು ಬಹುಮಟ್ಟಿಗೆ ಈ ಅಂಜಿಕೆಯೇ. ಹೀಗೆ ಮಾಡುವುದರಿಂದ ರೋಗದ ಅಪಾಯ ಕಡಿಮೆಯಾಗುವುದಿಲ್ಲ, ಕೆಲವೊಮ್ಮೆ ಹೆಚ್ಚಾಗುತ್ತದೆ. ಅಲ್ಲದೆ 2023ರ ಏಪ್ರಿಲ್ 1ರಿಂದ ಈ ವಿಷಯದಲ್ಲಿ ಕಾನೂನೂ ಬದಲಾಗಿದೆ. ಅರ್ಜಿ ಸಲ್ಲಿಸುವ ಮೊದಲು ನಾಗರಿಕರು ಕೆಳಗಿನ ಮಾಹಿತಿಯನ್ನು ಓದಿಕೊಳ್ಳುವುದು ಸೂಕ್ತ.

ಬಾವಲಿಯು ಹಕ್ಕಿಯೇ, ಪ್ರಾಣಿಯೇ?

ತೊಗಲುಹಕ್ಕಿ ಎಂಬ ಹೆಸರು ಬಳಕೆಯಲ್ಲಿದ್ದರೂ ಬಾವಲಿಯು ಹಕ್ಕಿಯಲ್ಲ, ಸಸ್ತನಿ. ಅದು ಮೊಟ್ಟೆ ಇಡುವುದಿಲ್ಲ. ಮರಿ ಹಾಕಿ ಹಾಲೂಡಿಸುತ್ತದೆ. ಮೈಮೇಲೆ ಗರಿಗಳಿಲ್ಲ, ಕೂದಲಿದೆ. ಅದರ ರೆಕ್ಕೆಯೆಂದರೆ ಉದ್ದವಾಗಿ ಬೆಳೆದ ಕೈಬೆರಳುಗಳ ನಡುವೆ ಹರಡಿದ ತೆಳು ತೊಗಲು. ನಿಜವಾಗಿ ಹಾರಬಲ್ಲ ಸಸ್ತನಿ ಇದೊಂದೇ. ಪ್ರಪಂಚದಲ್ಲಿ ಇದುವರೆಗೆ ಗುರುತಿಸಲಾದ ಬಾವಲಿ ಪ್ರಭೇದಗಳು 1,400ಕ್ಕೂ ಹೆಚ್ಚು. ಸಸ್ತನಿಗಳ ಪ್ರತಿ ಐದು ಪ್ರಭೇದಗಳಲ್ಲಿ ಒಂದು ಬಾವಲಿ ಎನ್ನಬಹುದು. ಭಾರತದಲ್ಲಿ 130ರ ಆಸುಪಾಸು ಪ್ರಭೇದಗಳಿವೆ.

ತೆಲಂಗಾಣದ ಗಡಿಗೆ ಹೊಂದಿಕೊಂಡ ಸೇಡಂ, ಚಿಂಚೋಳಿ ತಾಲೂಕುಗಳ ಊರುಗಳಲ್ಲಿ ಇದನ್ನು ತೆಲುಗಿನಲ್ಲಿ ಗಬ್ಬಿಲಂ ಎಂದೂ ಉರ್ದುವಿನಲ್ಲಿ ಚಮಗಾದಡ್ ಎಂದೂ ಕರೆಯುತ್ತಾರೆ. ಮನೆಯ ಸೂರಿನಲ್ಲಿ ಸೇರಿಕೊಳ್ಳುವ ಚಿಕ್ಕ ಬಾವಲಿಗೆ ಕನ್ನಡದಲ್ಲಿ ಕಣ್ಣಕಪ್ಪಟ ಎಂಬ ಬೇರೆ ಹೆಸರೇ ಇದೆ. ಹೆಸರು ಬೇರೆಯಾದಂತೆ ಅವುಗಳ ಆಹಾರವೂ ಬೇರೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಅನೇಕ ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ.

ಈ ಭಾಗದಲ್ಲಿ ಎಂತಹ ಬಾವಲಿಗಳು ಕಾಣಸಿಗುತ್ತವೆ?

ದೊಡ್ಡ ಮರಗಳಲ್ಲಿ ಗುಂಪಾಗಿ ನೇತಾಡುವುದು ಹಣ್ಣು ತಿನ್ನುವ ದೊಡ್ಡ ಬಾವಲಿ. ನರಿಯಂತಹ ಮೂತಿ, ಕೆಂಗಂದು ಬಣ್ಣದ ಕುತ್ತಿಗೆ, ಬಿಚ್ಚಿದರೆ ನಾಲ್ಕು ಅಡಿಗೂ ಮೀರುವ ರೆಕ್ಕೆ ಇದರ ಗುರುತು. ಬಾಳೆ, ತಾಳೆಗಳ ಎಲೆಯ ಅಡಿಯಲ್ಲಿ ಒಂದೆರಡಾಗಿ ಅಥವಾ ಸಣ್ಣ ಗುಂಪಿನಲ್ಲಿ ಇರುವುದು ಗಿಡ್ಡ ಮೂತಿಯ ಹಣ್ಣು ಬಾವಲಿ. ಪೇರಲ ತೋಟದಲ್ಲಿ ರಾತ್ರಿ ಸದ್ದು ಮಾಡುವುದು ಹೆಚ್ಚಾಗಿ ಇದೇ. ಹಾಳು ಕೋಟೆ, ಪಾಳು ಬಾವಿ, ಕತ್ತಲೆಯ ನೆಲಮಾಳಿಗೆ, ಕಲ್ಲಿನ ಬಿರುಕುಗಳನ್ನು ಆರಿಸಿಕೊಳ್ಳುವವು ಬಹುತೇಕ ಕೀಟಾಹಾರಿಗಳು. ಇಲಿಯಂತೆ ಉದ್ದ ಬಾಲವುಳ್ಳ ಒಂದು ಬಗೆಯ ಬಾವಲಿಯು ಒಣ ಪ್ರದೇಶದ ಹಳೆಯ ಕಟ್ಟಡಗಳಲ್ಲಿಯೇ ಹೆಚ್ಚು. ಸಂಜೆ ಬೀದಿದೀಪದ ಸುತ್ತ ಸುಳಿದಾಡುವ, ಬೆಂಕಿಪೊಟ್ಟಣದೊಳಗೆ ಮಡಚಿ ಇಡಬಹುದಾದಷ್ಟು ಪುಟ್ಟದಾದ, ಕೆಲವೇ ಗ್ರಾಂ ತೂಗುವ ಬಾವಲಿಯೂ ಕೀಟಾಹಾರಿಯೇ.

2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದ ಪ್ರಾಣಿಗಳ ಪಟ್ಟಿಯಲ್ಲಿ ತೋಳ, ಕತ್ತೆಕಿರುಬ, ಕೊಂಡಕುರಿಗಳ ಜೊತೆ ಹಣ್ಣು ಬಾವಲಿಯ ಹೆಸರೂ ಇದೆ. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಈ ಒಣ ಅರಣ್ಯದಲ್ಲಿ ಹಣ್ಣಿನ ಮರಗಳು ವಿರಳವಾಗಿರುವುದರಿಂದ, ಬೀಜವನ್ನು ದೂರ ಒಯ್ದು ಉದುರಿಸುವ ಪ್ರಾಣಿಗೆ ಇಲ್ಲಿ ಹೆಚ್ಚಿನ ಬೆಲೆಯಿದೆ.

ಬಾವಲಿಗಳು ಮನುಷ್ಯರ ರಕ್ತ ಹೀರುತ್ತವೆಯೇ?

ಇಲ್ಲ. ರಕ್ತವನ್ನೇ ಆಹಾರವಾಗಿಸಿಕೊಂಡ ಬಾವಲಿಗಳು ಪ್ರಪಂಚದಲ್ಲಿ ಮೂರೇ ಪ್ರಭೇದ, ಮೂರೂ ಮಧ್ಯ ಮತ್ತು ದಕ್ಷಿಣ ಅಮೆರಿಕ ಖಂಡದವು. ಭಾರತದಲ್ಲಿ ಅಂಥದ್ದು ಒಂದೂ ಇಲ್ಲ. ಹಾಳು ಕಟ್ಟಡಗಳಲ್ಲಿ ವಾಸಿಸುವ, ಅಗಲ ಕಿವಿಯ ಒಂದು ಬಾವಲಿಯನ್ನು ಹಿಂದಿನವರು ರಕ್ತ ಹೀರುವ ಬಾವಲಿಯೆಂದು ತಪ್ಪಾಗಿ ತಿಳಿದದ್ದುಂಟು. ಅದು ತಿನ್ನುವುದು ಕಪ್ಪೆ, ಇಲಿ, ಹಲ್ಲಿ, ಸಣ್ಣ ಹಕ್ಕಿ ಹಾಗೂ ಕೀಟಗಳನ್ನು. ಭೂತಬಂಗಲೆಯ ಚಲನಚಿತ್ರಗಳು ಈ ತಪ್ಪು ಕಲ್ಪನೆಯನ್ನು ಉಳಿಸಿ ಬೆಳೆಸಿವೆ.

ಬಾವಲಿಗೆ ಕಣ್ಣು ಕಾಣುವುದಿಲ್ಲವೆಂಬ ಮಾತೂ ಸರಿಯಲ್ಲ. ಹಣ್ಣು ಬಾವಲಿಯ ಕಣ್ಣು ದೊಡ್ಡದು; ಮಬ್ಬು ಬೆಳಕಿನಲ್ಲಿ ಅದರ ನೋಟ ಮನುಷ್ಯನಿಗಿಂತ ಚುರುಕು. ಕೀಟಾಹಾರಿ ಬಾವಲಿಗಳು ಮನುಷ್ಯನ ಕಿವಿಗೆ ಕೇಳಿಸದಷ್ಟು ಏರಿದ ಸ್ವರವನ್ನು ಹೊರಡಿಸಿ, ಎದುರಿನ ವಸ್ತುವಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ದಾರಿಯನ್ನೂ ಬೇಟೆಯನ್ನೂ ಗುರುತಿಸುತ್ತವೆ. ಕತ್ತಲೆಯಲ್ಲಿ ಸಣ್ಣ ಸೊಳ್ಳೆಯನ್ನು ಹಿಡಿಯಬಲ್ಲ ಪ್ರಾಣಿಯು ಮನುಷ್ಯನ ತಲೆಗೂದಲಿಗೆ ಬಂದು ಸಿಕ್ಕಿಕೊಳ್ಳುವುದೆಂಬ ಭಯಕ್ಕೆ ಆಧಾರವಿಲ್ಲ. ತಲೆಯ ಹತ್ತಿರ ಅದು ಸುಳಿದರೆ, ಅಲ್ಲಿ ಹಾರಾಡುತ್ತಿರುವ ಸೊಳ್ಳೆಗಾಗಿ ಸುಳಿದಿರುತ್ತದೆ.

ಬಾವಲಿ ಬಾಯಿಯಿಂದಲೇ ಮಲ ವಿಸರ್ಜಿಸುತ್ತದೆ ಎನ್ನುವುದು ನಿಜವೇ?

ಹಳ್ಳಿಗಳಲ್ಲಿ ಬಹಳ ಬಳಕೆಯಲ್ಲಿರುವ ಮಾತು ಇದು. ನಿಜವಲ್ಲ, ಆದರೆ ಏಕೆ ಹುಟ್ಟಿತೆಂಬುದು ಸುಲಭವಾಗಿ ತಿಳಿಯುತ್ತದೆ. ಹಣ್ಣು ಬಾವಲಿಯು ಹಣ್ಣನ್ನು ಅಗಿದು ರಸವನ್ನಷ್ಟೇ ನುಂಗಿ, ನಾರಿನ ಭಾಗವನ್ನು ಅಂಗುಳಿಗೆ ಒತ್ತಿ ಹಿಂಡಿ ಉಂಡೆ ಮಾಡಿ ಉಗುಳುತ್ತದೆ. ಮರದ ಕೆಳಗೆ ಬಿದ್ದಿರುವ ಆ ಒಣ ಉಂಡೆಗಳನ್ನು ಕಂಡವರು ಹಾಗೆ ಭಾವಿಸಿದ್ದಾರೆ. ಮಲಮೂತ್ರ ವಿಸರ್ಜನೆಯ ಹೊತ್ತಿಗೆ ಬಾವಲಿಯು ರೆಕ್ಕೆಯ ಹೆಬ್ಬೆರಳ ಉಗುರಿನಿಂದ ಕೊಂಬೆಯನ್ನು ಹಿಡಿದು ತಲೆ ಮೇಲಾಗಿ ತಿರುಗಿಕೊಳ್ಳುತ್ತದೆ. ತಾಳ್ಮೆಯಿಂದ ನೋಡಿದರೆ ಯಾರಿಗಾದರೂ ಕಾಣಿಸುತ್ತದೆ.

ಬಾವಲಿ ಮನೆಯೊಳಗೆ ಬಂದರೆ ಕೇಡು, ಮನೆ ಬಿಡಬೇಕು ಎಂಬ ನಂಬಿಕೆಯೂ ಇದೆ. ಕೀಟವನ್ನು ಅಟ್ಟಿಸಿಕೊಂಡು ಅಥವಾ ದಾರಿ ತಪ್ಪಿ ಅದು ಒಳಗೆ ಬಂದಿರುತ್ತದೆ, ಬೇರೆ ಅರ್ಥವಿಲ್ಲ. ಅಂತಹ ಸಂದರ್ಭದಲ್ಲಿ ಮೊದಲು ಸೀಲಿಂಗ್ ಫ್ಯಾನ್ ನಿಲ್ಲಿಸಬೇಕು. ಬಳಿಕ ಕೋಣೆಯ ದೀಪವನ್ನು ಆರಿಸಿ, ಹೊರಗಿನ ಕಿಟಕಿ ಬಾಗಿಲುಗಳನ್ನು ತೆರೆದು, ಒಳಬಾಗಿಲನ್ನು ಮುಚ್ಚಿ ಎಲ್ಲರೂ ಕೋಣೆಯಿಂದ ಹೊರಬಂದರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಹೋಗುತ್ತದೆ. ಪೊರಕೆಯಿಂದ ಹೊಡೆಯುವುದರಿಂದ, ಬರಿಗೈಯಲ್ಲಿ ಹಿಡಿಯುವುದರಿಂದ ಕಚ್ಚಿಸಿಕೊಳ್ಳುವ ಸಂಭವವಿದೆ.

ಬೇಸಿಗೆಯಲ್ಲಿ ಬಾವಲಿಗಳು ಮರದಿಂದ ಉದುರಿ ಸಾಯುವುದು ರೋಗದ ಲಕ್ಷಣವೇ?

ಈ ಪ್ರಶ್ನೆಗೆ ಇಲ್ಲಿ ವಿಶೇಷ ಮಹತ್ವವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಉಷ್ಣಾಂಶವು 42 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಅಪರೂಪವಲ್ಲ. ಹಣ್ಣು ತಿನ್ನುವ ದೊಡ್ಡ ಬಾವಲಿಗಳಿಗೆ ಆ 42 ಡಿಗ್ರಿಯೇ ಅಪಾಯದ ಗೆರೆ. ಅವುಗಳ ಮೈಯಲ್ಲಿ ಬೆವರಿನ ಗ್ರಂಥಿಗಳ ನೆರವು ಇಲ್ಲದಂತೆಯೇ ಸರಿ. ರೆಕ್ಕೆ ಬೀಸಿಕೊಂಡು, ಎಂಜಲಿನಿಂದ ಮೈಯನ್ನು ಒದ್ದೆ ಮಾಡಿಕೊಂಡು, ಏದುಸಿರು ಬಿಟ್ಟು ತಂಪಾಗಲು ಪ್ರಯತ್ನಿಸುತ್ತವೆ. ಅದೂ ಸಾಲದೆ ಹೋದಾಗ ನೆರಳಿಗಾಗಿ ಕೆಳಗಿನ ಕೊಂಬೆಗಳಿಗೆ ಇಳಿದು, ಕೊನೆಗೆ ಉದುರುತ್ತವೆ. ಮರಿಗಳು ಹುಟ್ಟುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇ ತಿಂಗಳೊಳಗೆ. ಆದ್ದರಿಂದ ಬಿಸಿಲು ಉಗ್ರವಾಗುವ ಹೊತ್ತಿಗೆ ಅನೇಕ ತಾಯಂದಿರ ಎದೆಯಲ್ಲಿ ಮರಿಗಳಿರುತ್ತವೆ.

2020ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಗೋರಖಪುರ ಜಿಲ್ಲೆಯಲ್ಲಿ ಬಾವಲಿಗಳು ಒಮ್ಮೆಗೇ ಸತ್ತು ಬಿದ್ದಾಗ ಕೊರೊನಾ ಇರಬಹುದೆಂದು ಜನರು ಭಯಗೊಂಡಿದ್ದರು. ಕಳೇಬರಗಳನ್ನು ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಕಳುಹಿಸಿ ಪರೀಕ್ಷಿಸಲಾಯಿತು. ಕೊರೊನಾ ಆಗಲಿ ರೇಬಿಸ್ ಆಗಲಿ ಕಂಡುಬರಲಿಲ್ಲ. ಅತಿಯಾದ ತಾಪದಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಅವು ಸತ್ತಿದ್ದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2018ರ ನವೆಂಬರ್ ತಿಂಗಳ ಬಿಸಿಗಾಳಿಗೆ ಸಿಕ್ಕಿ ಒಂದೇ ಪ್ರಭೇದದ ಸುಮಾರು 23,000 ಬಾವಲಿಗಳು ಸತ್ತವು. ಅಲ್ಲಿದ್ದ ಆ ಪ್ರಭೇದದ ಮೂರನೇ ಒಂದು ಭಾಗ ಎರಡೇ ದಿನಗಳಲ್ಲಿ ಇಲ್ಲವಾಯಿತು.

ಹೆಣ್ಣು ಬಾವಲಿಯು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಇಂತಹ ನಷ್ಟ ಬೇಗನೆ ತುಂಬುವುದಿಲ್ಲ. ಬಾವಲಿಗಳಿರುವ ಮರದ ಸುತ್ತಲಿನ ನೆರಳಿನ ಗಿಡಮರಗಳನ್ನು ಉಳಿಸಿಕೊಳ್ಳುವುದು, ಹತ್ತಿರದ ಕೆರೆಕುಂಟೆಯಲ್ಲಿ ನೀರು ಇರುವಂತೆ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಗಳು ಮಾಡಬಹುದಾದ ಕೆಲಸ. ದೊಡ್ಡ ಬಾವಲಿಯು ಹಾರುತ್ತಲೇ ನೀರಿನ ಮೇಲ್ಮೈಗೆ ಎದೆಯನ್ನು ತಾಗಿಸಿ, ಬಳಿಕ ತುಪ್ಪಳದ ನೀರನ್ನು ನೆಕ್ಕಿ ಕುಡಿಯುತ್ತದೆ. ಹೀಗಾಗಿ ನೆಲದ ಮೇಲಿಟ್ಟ ಬೋಗುಣಿ ನೀರಿನಿಂದ ಅದಕ್ಕೆ ಪ್ರಯೋಜನ ಕಡಿಮೆ, ತೆರೆದ ನೀರು ಬೇಕು. ಬಿಸಿಲಿನ ಹೊತ್ತಿನಲ್ಲಿ ಮರದ ಕೆಳಗೆ ಗದ್ದಲ ಮಾಡಿ ಅವುಗಳನ್ನು ಹಾರಿಸಿದರೆ ಉಳಿಯಬಹುದಾಗಿದ್ದವೂ ಸಾಯುತ್ತವೆ.

ಬಿದ್ದ ಬಾವಲಿಯನ್ನು, ಅದು ಜೀವಂತವಿರಲಿ ಸತ್ತಿರಲಿ, ಬರಿಗೈಯಿಂದ ಮುಟ್ಟಬಾರದು. ಮಕ್ಕಳನ್ನೂ ನಾಯಿಗಳನ್ನೂ ದೂರವಿಟ್ಟು ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಬಿಸಿಲಿಲ್ಲದ ದಿನಗಳಲ್ಲಿ ಒಂದೇ ಕಡೆ ಹಲವಾರು ಬಾವಲಿಗಳು ಸತ್ತಿದ್ದರೆ ಪಶುವೈದ್ಯಕೀಯ ಆಸ್ಪತ್ರೆಗೂ ತಿಳಿಸುವುದು ಅವಶ್ಯ. ವಿದ್ಯುತ್ ತಂತಿಗೆ ಸಿಕ್ಕಿ ನೇತಾಡುತ್ತಿರುವ ಬಾವಲಿಯನ್ನು ಕೋಲಿನಿಂದ ಬಿಡಿಸಲು ಹೋಗಬಾರದು. ಅದು ಜೆಸ್ಕಾಂ ಸಿಬ್ಬಂದಿಯಿಂದ ಆಗಬೇಕಾದ ಕೆಲಸ.

ನಿಪಾ, ಕೊರೊನಾ ಮುಂತಾದ ರೋಗಗಳು ಬಾವಲಿಗಳಿಂದ ಬರುತ್ತವೆಯಲ್ಲವೇ?

ನಿಪಾ ವೈರಸ್‌ನ ಸಹಜ ಆಶ್ರಯ ಹಣ್ಣು ತಿನ್ನುವ ದೊಡ್ಡ ಬಾವಲಿಯೆಂಬುದು ನಿಜ, ಅದನ್ನು ಮರೆಮಾಚುವ ಅಗತ್ಯವಿಲ್ಲ. 1998-99ರಲ್ಲಿ ಮಲೇಷ್ಯಾದಲ್ಲಿ ಮೊದಲು ಗುರುತಿಸಲಾದ ಈ ರೋಗವು ಭಾರತದಲ್ಲಿ 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ, 2007ರಲ್ಲಿ ಅದೇ ರಾಜ್ಯದ ನಾದಿಯಾ ಜಿಲ್ಲೆಯಲ್ಲಿ, 2018ರಲ್ಲಿ ಕೇರಳದ ಕೋಝಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ಕೇರಳದಲ್ಲಿ 17 ಮಂದಿ ಮೃತರಾದರು. ಆ ಬಳಿಕವೂ ಅಲ್ಲಿ ಹಲವು ಬಾರಿ ಪ್ರಕರಣಗಳು ವರದಿಯಾಗಿವೆ. ರೋಗ ತಗುಲಿದವರಲ್ಲಿ ಶೇಕಡಾ 40ರಿಂದ 75ರಷ್ಟು ಮಂದಿ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದ್ದರಿಂದ ಎಚ್ಚರಿಕೆ ಬೇಕೇ ಬೇಕು. ಯಾವ ಬಗೆಯ ಎಚ್ಚರಿಕೆ ಎಂಬುದೇ ಇಲ್ಲಿ ಮುಖ್ಯ.

ಮರದಲ್ಲಿ ನೇತಾಡುತ್ತಿರುವ ಬಾವಲಿಯಿಂದ ಗಾಳಿಯ ಮೂಲಕ ಊರಿಗೆ ರೋಗ ಹರಡುವುದಿಲ್ಲ. ವೈರಸ್ ದಾಟುವುದು ಬಾವಲಿಯ ಎಂಜಲು, ಮೂತ್ರ ತಾಗಿದ ಆಹಾರವನ್ನು ಸೇವಿಸುವುದರಿಂದ, ಸೋಂಕು ತಗುಲಿದ ಪ್ರಾಣಿಯನ್ನು ಮುಟ್ಟುವುದರಿಂದ ಹಾಗೂ ರೋಗಿಯ ನಿಕಟ ಸಂಪರ್ಕದಿಂದ. ಬಾಂಗ್ಲಾದೇಶದಲ್ಲಿ ಅನೇಕ ಪ್ರಕರಣಗಳಿಗೆ ಮೂಲವಾದದ್ದು ಖರ್ಜೂರದ ಜಾತಿಯ ಈಚಲು ಮರಗಳಿಂದ ಇಳಿಸಿದ ಹಸಿ ರಸ. ರಾತ್ರಿಯಿಡೀ ತೆರೆದಿಟ್ಟ ಮಡಕೆಗೆ ಬಾವಲಿಗಳು ಬಾಯಿ ಹಾಕುತ್ತಿದ್ದವು. ಈಚಲು ಮರಗಳು ಸಾಕಷ್ಟಿರುವ ಈ ಸೀಮೆಯ ಜನರು ಇದನ್ನು ವಿಶೇಷವಾಗಿ ನೆನಪಿಡಬೇಕು: ತೆರೆದ ಮಡಕೆಯ ಹಸಿ ರಸವನ್ನು ಕುಡಿಯಬಾರದು. ಹಲ್ಲಿನ ಗುರುತಿರುವ, ಅರ್ಧ ತಿಂದು ಬಿದ್ದ ಹಣ್ಣನ್ನು ತಿನ್ನಬಾರದು, ದನಕರುಗಳಿಗೂ ಹಾಕಬಾರದು. ಉಳಿದ ಹಣ್ಣುಗಳನ್ನು ಚೆನ್ನಾಗಿ ತೊಳೆದು, ಸಾಧ್ಯವಾದರೆ ಸಿಪ್ಪೆ ತೆಗೆದು ತಿನ್ನಬಹುದು. ಬಾವಲಿಗಳಿರುವ ಮರದ ನೇರ ಕೆಳಗೆ ತೆರೆದ ನೀರಿನ ತೊಟ್ಟಿ ಅಥವಾ ದನದ ಗ್ವಾದಲಿ ಇದ್ದರೆ ಅದನ್ನು ಬೇರೆಡೆಗೆ ಸರಿಸುವುದು ಅಥವಾ ಮುಚ್ಚುವುದು ಒಳ್ಳೆಯದು.

ಮರವನ್ನು ಕಡಿದರೆ ಆಗುವುದೇನು? ನೆಲೆ ಕಳೆದುಕೊಂಡ ಬಾವಲಿಗಳು ಸಾಯುವುದಿಲ್ಲ, ಚದುರುತ್ತವೆ. ಒಂದು ಮರದಲ್ಲಿದ್ದ ಗುಂಪು ಹತ್ತು ಕಡೆ, ಬಹುಶಃ ಮನೆಗಳಿಗೆ ಇನ್ನೂ ಹತ್ತಿರದ ಮರಗಳಲ್ಲಿ, ಸೇರಿಕೊಳ್ಳುತ್ತದೆ. ಆಹಾರದ ಕೊರತೆ, ನೆಲೆಯ ನಾಶಗಳಿಂದ ಬಳಲಿದ ಬಾವಲಿಗಳು ವೈರಸನ್ನು ಹೆಚ್ಚಾಗಿ ಹೊರಹಾಕುತ್ತವೆ ಎಂಬುದು ಆಸ್ಟ್ರೇಲಿಯಾದಲ್ಲಿ ನಿಪಾದ ಸಮೀಪದ ಬಂಧುವಾದ ಹೆಂಡ್ರಾ ವೈರಸ್ ಕುರಿತ ಅಧ್ಯಯನಗಳಿಂದ ತಿಳಿದುಬಂದಿದೆ. ಅಂದರೆ ಅಂಜಿಕೆಯಿಂದ ಮಾಡಿದ ಕೆಲಸವು ಅಂಜಿಕೆಯ ಕಾರಣವನ್ನೇ ಮನೆಬಾಗಿಲಿಗೆ ತರುತ್ತದೆ.

ಕೊರೊನಾ ವಿಷಯದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇರಳ, ತಮಿಳುನಾಡು, ಪುದುಚೇರಿ ಹಾಗೂ ಹಿಮಾಚಲ ಪ್ರದೇಶದ ಕೆಲವು ಬಾವಲಿಗಳಲ್ಲಿ ಬಾವಲಿ ಕೊರೊನಾವೈರಸ್‌ಗಳು ಕಂಡುಬಂದವು. ಅವು ಕೋವಿಡ್-19 ಉಂಟುಮಾಡುವ ವೈರಸ್ ಅಲ್ಲ. ಭಾರತದಲ್ಲಿ ಕೋವಿಡ್ ಹರಡಿದ್ದು ಮನುಷ್ಯರಿಂದ ಮನುಷ್ಯರಿಗೆ.

ಬಾವಲಿ ಕಚ್ಚಿದರೆ ಅಥವಾ ಪರಚಿದರೆ?

ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಗಾಯ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದರೂ ಹೋಗಬೇಕು. ಭಾರತದಲ್ಲಿ ಮನುಷ್ಯರಿಗೆ ರೇಬಿಸ್ ತಗಲುವುದು ಬಹುಪಾಲು ನಾಯಿ ಕಡಿತದಿಂದಲೇ ಆದರೂ, ವಿಶ್ವ ಆರೋಗ್ಯ ಸಂಸ್ಥೆಯು ಬಾವಲಿಯ ನೇರ ಸಂಪರ್ಕವನ್ನು ಅತಿ ಗಂಭೀರವಾದ ಮೂರನೇ ವರ್ಗದಲ್ಲಿ ಸೇರಿಸಿದೆ. ಲಸಿಕೆಯ ಅಗತ್ಯವನ್ನು ವೈದ್ಯರು ನಿರ್ಧರಿಸುತ್ತಾರೆ. ಗಾಯಕ್ಕೆ ಸುಣ್ಣ, ಅರಿಶಿನ, ಖಾರದಪುಡಿ ಹಚ್ಚಬಾರದು. ಆರೋಗ್ಯ ಸಹಾಯವಾಣಿ 104ರಲ್ಲಿ ಸಲಹೆ ಪಡೆಯಬಹುದು.

ಬಾವಲಿಯ ಮಾಂಸ ಅಥವಾ ಎಣ್ಣೆಯಿಂದ ದಮ್ಮು, ಕೀಲುನೋವು ವಾಸಿಯಾಗುತ್ತದೆಯೇ?

ವಾಸಿಯಾಗುತ್ತದೆ ಎನ್ನುವುದಕ್ಕೆ ಯಾವ ವೈದ್ಯಕೀಯ ಆಧಾರವೂ ಇಲ್ಲ. ಬಾವಲಿಯನ್ನು ಹಿಡಿಯುವ, ಕೊಯ್ಯುವ ಕೆಲಸದಲ್ಲಿ ಸೋಂಕಿನ ಅಪಾಯ ಎಲ್ಲಕ್ಕಿಂತ ಹೆಚ್ಚು. ಅದು ಶಿಕ್ಷಾರ್ಹ ಅಪರಾಧವೂ ಹೌದು. ದಮ್ಮಿಗೆ ಪರಿಣಾಮಕಾರಿಯಾದ ಔಷಧಗಳು ಲಭ್ಯವಿರುವಾಗ ಈ ದಾರಿಯನ್ನು ಹಿಡಿದವರು ಚಿಕಿತ್ಸೆಯನ್ನು ತಡ ಮಾಡಿಕೊಂಡು ಬಳಲುತ್ತಾರೆ.

ರೈತರಿಗೆ ಬಾವಲಿಯಿಂದ ನಷ್ಟವೋ, ಲಾಭವೋ?

ಎರಡೂ ಉಂಟು. ಪೇರಲ, ಮಾವು, ಚಿಕ್ಕು, ಬಾಳೆ, ದ್ರಾಕ್ಷಿ ಬೆಳೆದವರಿಗೆ ಹಣ್ಣು ಬಾವಲಿಗಳಿಂದ ನಷ್ಟವಾಗುವುದು ನಿಜ. ಗೊನೆಗಳಿಗೆ ಚೀಲ ಕಟ್ಟುವುದು, ಹಣ್ಣು ಪೂರ್ತಿ ಮಾಗುವ ಮೊದಲೇ ಕೊಯ್ಯುವುದು, ಮರಕ್ಕೆ ಬಲೆ ಹೊದಿಸುವುದು ಪರಿಹಾರ. ಬಲೆಯನ್ನು ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಬೇಕು, ಕಣ್ಣು ಸಣ್ಣದಿರಬೇಕು. ಸಡಿಲವಾಗಿ ಇಳಿಬಿಟ್ಟ ತೆಳು ನೈಲಾನ್ ಬಲೆಯಲ್ಲಿ ಬಾವಲಿ ಮಾತ್ರವಲ್ಲ, ಗೂಬೆ, ಹಾವುಗಳೂ ಸಿಕ್ಕಿ ಸಾಯುತ್ತವೆ.

ಆದರೆ ಇದು ತೊಗರಿಯ ಸೀಮೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ತೊಗರಿಯ ದೊಡ್ಡ ಶತ್ರು ಕಾಯಿಕೊರಕ ಹುಳು. ಅದರ ತಾಯಿ ಚಿಟ್ಟೆಯು ರಾತ್ರಿ ಹಾರಾಡಿ ಹೂವು, ಮೊಗ್ಗುಗಳ ಮೇಲೆ ಮೊಟ್ಟೆಯಿಡುತ್ತದೆ. ಹುಳು ಹುಟ್ಟಿದ ಬಳಿಕ ಗಿಡ ಅಲುಗಿಸಿ ಉದುರಿಸುವುದು, ಔಷಧಿ ಸಿಂಪಡಿಸುವುದು ರೈತರ ಪಾಡು. ಹಗಲಿನ ಹಕ್ಕಿಗಳು ಹುಳುವನ್ನು ತಿನ್ನಬಲ್ಲವು, ರಾತ್ರಿಯ ಚಿಟ್ಟೆಯನ್ನು ಹಾರಾಟದಲ್ಲೇ ಹಿಡಿಯುವುದು ಕೀಟಾಹಾರಿ ಬಾವಲಿಯ ಕೆಲಸ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಇದೇ ಹುಳುವಿನ ಸಮೀಪದ ಜಾತಿಯೊಂದು ಹತ್ತಿ ಮತ್ತು ಮೆಕ್ಕೆಜೋಳವನ್ನು ಕಾಡುತ್ತದೆ. ಅಲ್ಲಿನ ಗವಿಗಳ ಬಾವಲಿಗಳು ಆ ಚಿಟ್ಟೆಗಳನ್ನು ತಿನ್ನುವುದರಿಂದ ಹತ್ತಿ ಬೆಳೆಗಾರರಿಗೆ ಉಳಿಯುವ ಹಣವನ್ನು 2006ರಲ್ಲಿ ಸಂಶೋಧಕರು ಲೆಕ್ಕ ಹಾಕಿ ಪ್ರಕಟಿಸಿದ್ದಾರೆ. ಕೀಟಾಹಾರಿ ಬಾವಲಿಯೊಂದು ಒಂದು ರಾತ್ರಿಯಲ್ಲಿ ತನ್ನ ತೂಕದ ಅರ್ಧದಷ್ಟು ಕೀಟಗಳನ್ನು ತಿನ್ನಬಲ್ಲದು. ಹಾಲೂಡಿಸುವ ತಾಯಿ ಅದಕ್ಕೂ ಹೆಚ್ಚು.

ಹಣ್ಣು ಬಾವಲಿಗಳ ಸೇವೆ ಬೇರೆ ಬಗೆಯದು. ಹಿಪ್ಪೆ, ಬೂರುಗದಂತಹ ರಾತ್ರಿ ಅರಳುವ ಹೂಗಳ ಪರಾಗಸ್ಪರ್ಶ ಅವುಗಳಿಂದ ಆಗುತ್ತದೆ. ಅತ್ತಿ, ಆಲ, ಅರಳಿಯ ಬೀಜಗಳನ್ನು ಹಾರುತ್ತಲೇ ಉದುರಿಸಿ ಹೋಗುತ್ತವೆ. ಕಲ್ಲುಗಣಿ ಮುಗಿದ ಬರಡು ನೆಲದಲ್ಲಿ ಯಾರೂ ನೆಡದ ಅತ್ತಿಯ ಗಿಡ ಎದ್ದಿದ್ದರೆ, ಅದನ್ನು ನೆಟ್ಟದ್ದು ಹಕ್ಕಿ ಅಥವಾ ಬಾವಲಿ.

ಗಣಿ, ಹಾಳು ಕೋಟೆ, ಪಾಳು ಬಾವಿಗಳ ಬಾವಲಿಗಳನ್ನು ತೆರವುಗೊಳಿಸಬಹುದೇ?

ಶಹಾಬಾದ್ ಕಲ್ಲಿನ ಗಣಿಗಳು, ವಾಡಿ, ಸೇಡಂ ಭಾಗದ ಸುಣ್ಣಕಲ್ಲಿನ ಗಣಿಗಳು ಈ ಪ್ರದೇಶದ ಜೀವನಾಧಾರ. ಹಾಗೆಯೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ, ಚಿತ್ತಾಪುರದ ನಾಗಾವಿಯ ದೇಗುಲಗಳಂತಹ ಹಳೆಯ ಕಟ್ಟಡಗಳೂ ಇಲ್ಲಿವೆ. ಕತ್ತಲೆ, ತಂಪು, ಬಿರುಕುಗಳಿರುವ ಇಂತಹ ಸ್ಥಳಗಳನ್ನು ಕೀಟಾಹಾರಿ ಬಾವಲಿಗಳು ಆಶ್ರಯಿಸುತ್ತವೆ. ಒಂದು ಗವಿ ಹೋದರೆ ಏನಾಗುವುದೆಂದು ಕೇಳುವವರಿಗೆ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಉದಾಹರಣೆ ಸಾಕು. 1994ರಲ್ಲಿ ವಿಜ್ಞಾನಕ್ಕೆ ಪರಿಚಿತವಾದ ಕೋಲಾರದ ಎಲೆಮೂಗಿನ ಬಾವಲಿಯು ಇಂದು ಪ್ರಪಂಚದಲ್ಲಿ ಉಳಿದಿರುವುದು ಆ ಊರಿನ ಒಂದೇ ಗವಿಯಲ್ಲಿ. ಅವುಗಳ ಸಂಖ್ಯೆಯನ್ನು ಸುಮಾರು 150ರಿಂದ 200 ಎಂದು ಅಂದಾಜಿಸಲಾಗಿದೆ. ಸುತ್ತಲಿನ ಕಲ್ಲುಗಣಿಗಾರಿಕೆ ಅದರ ಅವನತಿಗೆ ಮುಖ್ಯ ಕಾರಣ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಬಾರಾಪೇಡೆ ಗವಿಗಳ ಬಾವಲಿಯೂ ಹಲವು ದಶಕಗಳ ಕಾಲ ಪ್ರಪಂಚದಲ್ಲಿ ಅಲ್ಲಿ ಮಾತ್ರವೇ ಇದೆಯೆಂದು ತಿಳಿಯಲಾಗಿತ್ತು. ಅದು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ.

ಪಾಳು ಬಾವಿ ಅಥವಾ ಬಹುಕಾಲ ಮುಚ್ಚಿದ್ದ ಕೋಣೆಯನ್ನು ಶುಚಿಗೊಳಿಸುವವರು ಒಣ ಹಿಕ್ಕೆಯನ್ನು ಗುಡಿಸಬಾರದು. ಅದರ ಧೂಳಿನಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಶಿಲೀಂಧ್ರ ಇರಬಹುದು. ನೀರು ಚಿಮುಕಿಸಿ, ಮೂಗು ಬಾಯಿಗಳಿಗೆ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು. ಮನೆಯ ಸೂರಿನ ಸಂದನ್ನು ಮುಚ್ಚಬೇಕೆಂದಿದ್ದರೆ ಸಂಜೆ ಬಾವಲಿಗಳೆಲ್ಲ ಹೊರಹೋದ ಬಳಿಕ ಮುಚ್ಚಬೇಕು. ಹಾರಲಾರದ ಮರಿಗಳು ಒಳಗಿರುವ ಕಾಲದಲ್ಲಿ ಮುಚ್ಚಬಾರದು. ಬೆಂಕಿ, ಗಂಧಕದ ಹೊಗೆ, ಪಟಾಕಿ ಬಳಸುವಂತಿಲ್ಲ.

ಕಾನೂನು ಏನು ಹೇಳುತ್ತದೆ?

ಹಣ್ಣು ತಿನ್ನುವ ಬಾವಲಿಗಳು ಬಹುಕಾಲ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಐದನೇ ಅನುಸೂಚಿಯಲ್ಲಿ, ಇಲಿ ಮತ್ತು ಕಾಗೆಗಳ ಜೊತೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿದ್ದವು. ಅವುಗಳನ್ನು ಕೊಂದರೆ ತಪ್ಪಿಲ್ಲವೆಂಬ ಭಾವನೆ ಉಳಿದಿರುವುದು ಅದರಿಂದಲೇ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಂದು ಜಾರಿಗೆ ಬಂದು ಆ ಅನುಸೂಚಿಯನ್ನೇ ತೆಗೆದುಹಾಕಿದೆ. ಹಣ್ಣು ತಿನ್ನುವ ದೊಡ್ಡ ಬಾವಲಿಯು ಎರಡನೇ ಅನುಸೂಚಿಗೆ ಸೇರಿದೆ. ಈಗ ಅದನ್ನು ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದು ಬೇಟೆಯೆಂದೇ ಪರಿಗಣಿತವಾಗಿ ಜೈಲು ಶಿಕ್ಷೆ ಹಾಗೂ ದಂಡಕ್ಕೆ ಗುರಿಯಾಗುತ್ತದೆ. ರಾತ್ರಿಯಲ್ಲಿ ಒಂದು ಬಾವಲಿಯಿಂದ ಇನ್ನೊಂದನ್ನು ಪ್ರತ್ಯೇಕಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲದ್ದರಿಂದ ಯಾವ ಬಾವಲಿಯನ್ನೂ ಮುಟ್ಟದಿರುವುದೇ ಕ್ಷೇಮ. ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯವಿದೆಯೆಂದು ಮನವರಿಕೆಯಾದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿಯು 11ನೇ ಪ್ರಕರಣದಡಿ ಲಿಖಿತ ಆದೇಶ ನೀಡಬಹುದು. ಬಾಯಿಮಾತಿನ ಅನುಮತಿಗೆ ಬೆಲೆಯಿಲ್ಲ.

ಬಾವಲಿಗಳಿರುವ ಮರವನ್ನು ಕಡಿಯಲು ಅರ್ಜಿ ಸಲ್ಲಿಸುವುದು ಹೇಗೆ?

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು, ಸ್ವಂತ ಜಮೀನಿನಲ್ಲಿರುವ ಮರವನ್ನು ಕಡಿಯಲು ಸಹ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ಬುಡ ಕಡಿಯುವುದು ಮಾತ್ರವಲ್ಲ, ಕೊಂಬೆಗಳನ್ನು ಸವರುವುದು, ತೊಗಟೆ ಸುಲಿಯುವುದು, ಬುಡಕ್ಕೆ ಬೆಂಕಿ ಅಥವಾ ರಾಸಾಯನಿಕ ಹಾಕುವುದೂ ಈ ಕಾಯ್ದೆಯ ಅರ್ಥದಲ್ಲಿ ಮರ ಕಡಿಯುವುದೇ. ಬಾವಲಿಗಳನ್ನು ಓಡಿಸಲು ಕೊಂಬೆ ಸವರಿಸಿದವರು ಇದನ್ನು ಅರಿಯದೆ ತೊಂದರೆಗೆ ಸಿಲುಕಬಹುದು. ಅರ್ಜಿಯನ್ನು ಆಯಾ ತಾಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ, ಪಹಣಿಯ ಪ್ರತಿ, ಸರ್ವೆ ನಂಬರ್, ಮರದ ಜಾತಿ ಹಾಗೂ ಸಂಖ್ಯೆಯ ವಿವರಗಳೊಂದಿಗೆ ಸಲ್ಲಿಸಬೇಕು. ರಸ್ತೆಬದಿ, ಗಾಯರಾಣ, ಶಾಲೆಯ ಆವರಣ ಮುಂತಾದ ಸರ್ಕಾರಿ ಜಾಗದ ಮರಕ್ಕೆ ಖಾಸಗಿ ವ್ಯಕ್ತಿಯು ಕಡಿಯುವ ಅನುಮತಿ ಕೇಳುವಂತಿಲ್ಲ. ಅಪಾಯವಿದ್ದರೆ ಮನವಿ ಸಲ್ಲಿಸಬಹುದು. ವನ್ಯಜೀವಿ ಧಾಮದೊಳಗಿನ ಮರಗಳಿಗೆ ಇದು ಅನ್ವಯಿಸುವುದಿಲ್ಲ.

ಅರ್ಜಿಯಲ್ಲಿ ನಿಜವಾದ ಕಾರಣವನ್ನೇ ಬರೆಯಬೇಕು. ಮರ ಒಣಗಿದೆ, ಮನೆಯ ಮೇಲೆ ವಾಲಿದೆ ಎಂಬುದು ಸ್ಥಳ ಪರಿಶೀಲನೆಯಲ್ಲಿ ತಿಳಿಯುವ ಸಂಗತಿ. ಬಾವಲಿಗಳಿವೆ ಎನ್ನುವುದೊಂದೇ ಕಾರಣವಾದರೆ ಮರ ಕಡಿಯುವ ಬದಲು ಗ್ವಾದಲಿಯನ್ನು ಸರಿಸುವುದು, ನೀರಿನ ತೊಟ್ಟಿಗೆ ಮುಚ್ಚಳ ಹಾಕುವುದರಿಂದಲೇ ತೊಂದರೆ ನೀಗುವುದೇ ಎಂದು ಅರ್ಜಿದಾರರು ಮೊದಲು ನೋಡುವುದು ಒಳ್ಳೆಯದು. ಕಡಿಯಲೇಬೇಕಾದ ಅಪಾಯದ ಮರವಾಗಿದ್ದರೆ, ಅದರಲ್ಲಿ ಬಾವಲಿಗಳಿರುವುದನ್ನು ಅರ್ಜಿಯಲ್ಲಿ ತಿಳಿಸಬೇಕು. ಮರಿಗಳು ಹಾರಲು ಕಲಿತ ಬಳಿಕ, ಮಳೆಗಾಲ ಕಳೆದು, ಸಂಜೆ ಗುಂಪು ಹೊರಹೋದ ಹೊತ್ತಿನಲ್ಲಿ ಕಡಿಯುವ ವ್ಯವಸ್ಥೆ ಮಾಡಿಕೊಳ್ಳಬಹುದು.

ಸಹಾಯವಾಣಿಗೆ ಕರೆ ಮಾಡುವವರು ಊರಿನ ಹೆಸರು, ಮರ ಅಥವಾ ಕಟ್ಟಡದ ಗುರುತು, ಎಷ್ಟು ಬಾವಲಿಗಳು, ಯಾವಾಗಿನಿಂದ ಕಾಣಿಸುತ್ತಿವೆ, ಯಾರಿಗಾದರೂ ಕಚ್ಚಿದೆಯೇ ಅಥವಾ ಯಾರಾದರೂ ಮುಟ್ಟಿದ್ದಾರೆಯೇ ಎಂಬ ವಿವರಗಳನ್ನು ತಿಳಿಸಬೇಕಾಗಿ ಕೋರಲಾಗಿದೆ. ಕಚ್ಚಿಸಿಕೊಂಡವರು ಸಿಬ್ಬಂದಿಯ ಬರುವಿಗಾಗಿ ಕಾಯದೆ ಮೊದಲು ಆಸ್ಪತ್ರೆಗೆ ತೆರಳಬೇಕು.